ಲಿಪೊ ಪ್ಯಾಕ್ ಜೋಪಾನ: ಒಂದೊಂದು ಸೆಲ್ಲನ್ನೂ ಬೇರೆಯಾಗಿ ನೋಡಿ

ಆರ್‌ಸಿ (ರೇಡಿಯೊ ಕಂಟ್ರೋಲ್) ಕಾರ್ ರೇಸ್‌ನಲ್ಲಿ ಹೆಚ್ಚಾಗಿ ಬಳಸುವ 2ಎಸ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಪ್ಯಾಕ್ ಎಂದರೆ ಸರಣಿಯಲ್ಲಿ ಜೋಡಿಸಿದ ಎರಡು ಸೆಲ್‌ಗಳು. ಲೇಬಲ್ ಮೇಲೆ 7.4 ವೋಲ್ಟ್ ಎಂದಿರುತ್ತದೆ, ಪೂರ್ತಿ ತುಂಬಿದಾಗ 8.40, ಅಂದರೆ ಸೆಲ್ಲಿಗೆ 4.20 ಆಗುತ್ತದೆ. ಆದರೆ ಮೀಟರ್ 8.40 ತೋರಿಸುತ್ತಿರುವಾಗಲೇ ಒಳಗಿನ ಒಂದು ಸೆಲ್ 4.30, ಇನ್ನೊಂದು 4.10 ಇರಬಹುದು. ಒಟ್ಟು ಲೆಕ್ಕ ಸರಿಯಾಗಿದೆ, ಒಂದು ಸೆಲ್ ಮಾತ್ರ ಅಪಾಯದಲ್ಲಿದೆ. ಹಾಗಾಗಿ ಚಾರ್ಜ್‌ನಿಂದ ವಿಲೇವಾರಿಯವರೆಗೆ ಎಲ್ಲಿಯೂ ಒಟ್ಟು ವೋಲ್ಟೇಜ್ ಒಂದನ್ನೇ ನೆಚ್ಚಿಕೊಳ್ಳಬೇಡಿ.

ಚಾರ್ಜ್‌ಗೆ ಮುಂಚೆ

ಪ್ಯಾಕನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಮೂಲೆ ಒತ್ತಿ. ಅಲುಗಾಡಿದರೆ ತಳ ಉಬ್ಬಿದೆ ಎಂದರ್ಥ. ಗಟ್ಟಿ ಕವಚದ ಅಂಚು ಬಿಟ್ಟುಕೊಂಡಿದ್ದರೆ, ಬಿರುಕಿದ್ದರೆ ಅಥವಾ ದ್ರಾವಕದಂಥ ಸಿಹಿ ವಾಸನೆ ಬರುತ್ತಿದ್ದರೆ ಆ ಪ್ಯಾಕ್‌ನ ಕೆಲಸ ಮುಗಿಯಿತು. ಉಬ್ಬಿಗೆ ಕಾರಣ ಎಲೆಕ್ಟ್ರೊಲೈಟ್ ಒಡೆದು ಹುಟ್ಟಿದ ಅನಿಲ. ಸೂಜಿ ಚುಚ್ಚಿ ಅದನ್ನು ಹೊರಬಿಡುವ ಯೋಚನೆಯನ್ನೇ ಮಾಡಬೇಡಿ.

ಆಮೇಲೆ ಬ್ಯಾಲೆನ್ಸ್ ಕನೆಕ್ಟರ್‌ನಲ್ಲಿ (ಪ್ರತಿ ಸೆಲ್ಲಿನ ವೈರ್ ಹೊರಬರುವ ಚಿಕ್ಕ ಪ್ಲಗ್) ಎರಡೂ ಸೆಲ್‌ಗಳನ್ನು ಬೇರೆ ಬೇರೆಯಾಗಿ ಅಳೆಯಿರಿ. ಯಾವುದೇ ಸೆಲ್ 3.0 ವೋಲ್ಟ್‌ಗಿಂತ ಕೆಳಗಿದ್ದರೆ ಚಾರ್ಜ್ ಬೇಡ. ತೀರಾ ಕೆಳಕ್ಕಿಳಿದ ಸೆಲ್‌ನಲ್ಲಿ ಋಣ ಫಲಕದ ತಾಮ್ರ ಕರಗುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಅದೇ ತಾಮ್ರ ಬೇಡದ ಕಡೆ ಕೂತು ಒಳಗೇ ಶಾರ್ಟ್ ಆಗಬಹುದು. ಚಾರ್ಜರ್ ಇಂಥ ಪ್ಯಾಕನ್ನು ತಿರಸ್ಕರಿಸಿದಾಗ NiMH (ನಿಕಲ್ ಬ್ಯಾಟರಿಗಳ) ಮೋಡ್‌ನಲ್ಲಿ ಸ್ವಲ್ಪ ಹೊತ್ತು ಕರೆಂಟ್ ತಳ್ಳಿ 'ಎಬ್ಬಿಸುವ' ಉಪಾಯ ಅನೇಕರಿಗೆ ಗೊತ್ತಿದೆ. ದಯವಿಟ್ಟು ಅದನ್ನು ಮಾಡಬೇಡಿ, ಆ ಮೋಡ್‌ನಲ್ಲಿ 4.20ಕ್ಕೆ ತಡೆಯುವ ಕಾವಲೇ ಇರುವುದಿಲ್ಲ.

ಚಾರ್ಜ್ ಮಾಡುವಾಗ

ಬ್ಯಾಟರಿಯನ್ನು ಕಾರಿನಿಂದ ಹೊರಗೆ ತೆಗೆಯಿರಿ. ಟೈಲ್ಸ್ ಅಥವಾ ಕಾಂಕ್ರೀಟ್ ಮೇಲೆ, ಬೆಂಕಿ ತಡೆಯುವ ಲಿಪೊ ಚೀಲದಲ್ಲಿಡಿ. ಸುತ್ತಮುತ್ತ ಬಟ್ಟೆ, ಕಾಗದ, ಟೈರ್ ಕ್ಲೀನರ್ ಡಬ್ಬಿ ಇರಬಾರದು. ಲೋಹದ ಪೆಟ್ಟಿಗೆ ಬಳಸುವುದಾದರೆ ಮುಚ್ಚಳದ ರಬ್ಬರ್ ಕಿತ್ತುಹಾಕಿ. ಅನಿಲ ಹೋಗಲು ದಾರಿಯಿಲ್ಲದಿದ್ದರೆ ಪೆಟ್ಟಿಗೆಯೇ ಸಿಡಿಯುತ್ತದೆ.

ವೈರ್ ಜೋಡಿಸುವ ಕ್ರಮವೂ ಮುಖ್ಯ. ಚಾರ್ಜ್ ವೈರಿನ ಬನಾನಾ ಪಿನ್‌ಗಳು ಮೊದಲು ಚಾರ್ಜರ್‌ಗೆ ಹೋಗಬೇಕು, ಬ್ಯಾಟರಿ ಆಮೇಲೆ. ಮೊದಲು ಬ್ಯಾಟರಿಗೆ ಸಿಕ್ಕಿಸಿದರೆ ಇನ್ನೊಂದು ತುದಿಯಲ್ಲಿ ಬರಿಯ ಲೋಹದ ಎರಡು ಪಿನ್‌ಗಳು ತೂಗಾಡುತ್ತಿರುತ್ತವೆ. ಅವು ಒಮ್ಮೆ ತಾಗಿದರೆ ನೂರಾರು ಆಂಪಿಯರ್ ಹರಿಯುತ್ತದೆ. ಬಿಚ್ಚುವಾಗ ಇದರ ತದ್ವಿರುದ್ಧ: ಮೊದಲು ಬ್ಯಾಟರಿ. ಬ್ಯಾಲೆನ್ಸ್ ವೈರನ್ನೂ ಪ್ರತಿ ಸಲ ಹಾಕಿ, ಅದಿಲ್ಲದೆ ಚಾರ್ಜರ್‌ಗೆ ಒಟ್ಟು ವೋಲ್ಟೇಜ್ ಬಿಟ್ಟು ಬೇರೇನೂ ಕಾಣುವುದಿಲ್ಲ.

ಈಗ ಸೆಟ್ಟಿಂಗ್: ಲಿಪೊ, ಬ್ಯಾಲೆನ್ಸ್ ಚಾರ್ಜ್, 2ಎಸ್. ಕರೆಂಟ್ 1ಸಿ, ಅಂದರೆ 5000 ಎಂಎಎಚ್ ಪ್ಯಾಕ್‌ಗೆ 5 ಆಂಪಿಯರ್, 3800ಕ್ಕೆ 3.8. ಲೇಬಲ್ ಹೆಚ್ಚಿನ ಚಾರ್ಜ್ ದರ ಒಪ್ಪಿದರೂ ಸಮಯವಿದ್ದಾಗ 1ಸಿ ಸಾಕು. ಲೇಬಲ್‌ನ ದೊಡ್ಡ 'ಸಿ' ಸಂಖ್ಯೆ ಡಿಸ್ಚಾರ್ಜ್‌ಗೆ ಸಂಬಂಧಿಸಿದ್ದು. ಅದನ್ನು ಚಾರ್ಜ್ ದರವೆಂದು ಓದುವ ತಪ್ಪು ಹೊಸಬರಿಂದ ಆಗುತ್ತದೆ. ಎಚ್‌ವಿ (ಹೈ ವೋಲ್ಟೇಜ್) ಪ್ಯಾಕ್‌ಗಳಿಗೆ ಸೆಲ್ಲಿಗೆ 4.35 ವೋಲ್ಟ್‌ವರೆಗೆ ಅನುಮತಿಯಿದೆ, ಸಾಮಾನ್ಯ ಲಿಪೊಗೆ ಆ ಮೋಡ್ ಹಾಕಿದರೆ ಅದು ಓವರ್‌ಚಾರ್ಜ್. ಸ್ಟಾರ್ಟ್ ಒತ್ತುವ ಮುನ್ನ ಪರದೆಯ ಮೇಲಿನ ಸಾಲನ್ನು ಬಾಯಲ್ಲಿ ಓದಿಕೊಳ್ಳಿ.

ಪ್ಯಾಕ್ ಕೊರೆಯುವಷ್ಟು ತಣ್ಣಗಿದ್ದರೆ ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಋಣ ಫಲಕದ ಒಳಕ್ಕೆ ಸೇರದೆ ಮೇಲೆಯೇ ಲೋಹವಾಗಿ ಕೂರುತ್ತದೆ. ಚಾರ್ಜ್ ನಡೆಯುವಾಗ ಅಲ್ಲೇ ಇರಿ. ಆಗಾಗ ಮುಟ್ಟಿ ನೋಡಿ: 1ಸಿಯಲ್ಲಿ ಪ್ಯಾಕ್ ಬೆಚ್ಚಗಾಗುವುದೇ ಕಡಿಮೆ, ಬಿಸಿಯಾಗುತ್ತಿದ್ದರೆ ನಿಲ್ಲಿಸಿ.

ಟ್ರ್ಯಾಕ್‌ನಲ್ಲಿ

ಮೋಟಾರ್ ನಡೆಸುವ ಸ್ಪೀಡ್ ಕಂಟ್ರೋಲರ್‌ನ ಕಟ್‌ಆಫ್ (ಕರೆಂಟ್ ನಿಲ್ಲಿಸುವ ಮಟ್ಟ) ಸೆಲ್ಲಿಗೆ 3.2ರಿಂದ 3.4 ವೋಲ್ಟ್ ಇರಲಿ. ಆದರೆ ಕಂಟ್ರೋಲರ್ ಸಾಮಾನ್ಯವಾಗಿ ನೋಡುವುದೂ ಒಟ್ಟು ವೋಲ್ಟೇಜನ್ನೇ. 6.6ಕ್ಕೆ ನಿಂತ ಪ್ಯಾಕ್‌ನಲ್ಲಿ ಒಂದು ಸೆಲ್ 3.6, ದುರ್ಬಲವಾದದ್ದು 3.0 ಇದ್ದೀತು. ಇದಕ್ಕಿಂತ ಗಟ್ಟಿಯಾದ ದಾರಿ ಸಮಯದ ಲೆಕ್ಕ. 5 ನಿಮಿಷ ಓಡಿಸಿ ಮತ್ತೆ ತುಂಬಿದಾಗ ಚಾರ್ಜರ್ 3000 ಎಂಎಎಚ್ ತೋರಿಸಿದರೆ ನಿಮಿಷಕ್ಕೆ 600 ಖರ್ಚಾಗಿದೆ. 5000ದ ಶೇ 80, ಅಂದರೆ 4000ವೇ ಮಿತಿ ಎಂದಿಟ್ಟುಕೊಂಡರೆ ಆರೂವರೆ ನಿಮಿಷಕ್ಕೆ ಕಾರು ಒಳಗೆ ಬರಬೇಕು. ಗೇರ್ ಅಥವಾ ಮೋಟಾರ್ ಬದಲಿಸಿದರೆ ಲೆಕ್ಕ ಹೊಸದಾಗಿ ಮಾಡಿ.

ಓಟ ಮುಗಿದ ಮೇಲೆ ಪ್ಯಾಕ್ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದರೆ ಗೇರಿಂಗ್ ಭಾರವಾಗಿದೆ ಅಥವಾ ಪ್ಯಾಕ್ ಹಳತಾಗಿದೆ. ಪೂರ್ತಿ ತಣಿಯದೆ ಮತ್ತೆ ಚಾರ್ಜ್‌ಗೆ ಹಾಕಬೇಡಿ. ಜೋರಾಗಿ ಗುದ್ದಿದ ಕಾರಿನಿಂದ ಬ್ಯಾಟರಿಯನ್ನು ಕೂಡಲೇ ತೆಗೆದು, ಬಯಲಲ್ಲಿ ಅರ್ಧ ಗಂಟೆಯಾದರೂ ಇಟ್ಟು ಗಮನಿಸಿ. ಹಾನಿ ಒಳಗಾಗಿದ್ದರೆ ಹೊಗೆ ತಡವಾಗಿಯೂ ಬರಬಹುದು.

ಬೆಂಕಿ ಹೊತ್ತಿದರೆ ಮೊದಲು ಜನರನ್ನು ದೂರ ಕಳಿಸಿ. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಒಂದು ಉಸಿರೂ ಬೇಡ. ಸುರಕ್ಷಿತವಾಗಿ ಕೈಗೆಟುಕಿದರೆ ಮಾತ್ರ ಮುಖ್ಯ ಸ್ವಿಚ್ ಆಫ್ ಮಾಡಿ, ಒಣ ಮರಳು ಸುರಿಯಿರಿ. ಉರಿಯುವ ಪ್ಯಾಕನ್ನು ಕೈಯಲ್ಲಿ ಎತ್ತಬೇಡಿ. ಹತೋಟಿಗೆ ಬರದಿದ್ದರೆ ಹೊರನಡೆದು ಅಗ್ನಿಶಾಮಕ ದಳವನ್ನು ಕರೆಯಿರಿ.

ಎತ್ತಿಡುವಾಗ, ಬಿಸಾಡುವಾಗ

ಒಂದೆರಡು ದಿನ ಓಡಿಸುವುದಿಲ್ಲ ಎಂದಾದರೆ ಸ್ಟೋರೇಜ್ ಮೋಡ್‌ನಲ್ಲಿ ಸೆಲ್ಲಿಗೆ 3.80–3.85 ವೋಲ್ಟ್‌ಗೆ ತನ್ನಿ. ತುಂಬಿದ ಪ್ಯಾಕ್ ಹಾಗೇ ಉಳಿದರೆ ಎಲೆಕ್ಟ್ರೊಲೈಟ್ ಬೇಗ ಕೆಡುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಎತ್ತಿಟ್ಟಲ್ಲೇ ಒಂದು ಸೆಲ್ ಮಾತ್ರ ಇಳಿಯುತ್ತಿದ್ದರೆ ಅದರ ಚಾರ್ಜ್ ಒಳಗೇ ಸೋರುತ್ತಿದೆ. ಮಿಲಿಓಮ್‌ನಲ್ಲಿ ಚಾರ್ಜರ್ ತೋರಿಸುವ ಆಂತರಿಕ ಪ್ರತಿರೋಧವನ್ನೂ ಜತೆಗೆ ಬರೆದುಕೊಳ್ಳಿ. ಹೊಸದಿದ್ದಾಗಿನ ಎರಡರಷ್ಟಾದರೆ ರೇಸ್‌ಗೆ ಬೇಡ.

ಸವೆದ, ಆದರೆ ಉಬ್ಬದ ಪ್ಯಾಕ್‌ಗೆ 12 ವೋಲ್ಟ್, 21 ವ್ಯಾಟ್‌ನ ವಾಹನದ ಬ್ರೇಕ್ ಬಲ್ಬ್ ಜೋಡಿಸಿ, ಬಯಲಲ್ಲಿ ಕಣ್ಣಳತೆಯಲ್ಲೇ ಇಟ್ಟು ಪೂರ್ತಿ ಇಳಿಸಿ. ಉಪ್ಪುನೀರು ಬೇಡ, ಪ್ಯಾಕ್ ಖಾಲಿಯಾಗುವ ಮೊದಲೇ ತುದಿಗಳು ತುಕ್ಕು ಹಿಡಿದು ಒಳಗೆ ಚಾರ್ಜ್ ಉಳಿದುಬಿಡುತ್ತದೆ. ಉಬ್ಬಿದ ಅಥವಾ ತೂತಾದ ಪ್ಯಾಕ್‌ಗೆ ಬಲ್ಬ್ ಕೂಡ ಹಾಕದೆ, ಮರಳು ತುಂಬಿದ ಡಬ್ಬಿಯಲ್ಲಿ ಮನೆಯ ಹೊರಗಿಡಿ. ಎರಡೂ ಬಗೆಯವುಗಳ ತುದಿಗಳಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಬ್ಯಾಟರಿ ಸ್ವೀಕರಿಸುವ ಇ-ತ್ಯಾಜ್ಯ ಕೇಂದ್ರಕ್ಕೆ ಒಪ್ಪಿಸಿ. ಕೊಡುವಾಗ ಪ್ಯಾಕ್ ಉಬ್ಬಿದೆಯೇ ಎಂಬುದನ್ನು ಅಲ್ಲಿನವರಿಗೆ ಬಾಯಿಬಿಟ್ಟು ಹೇಳಿ.