ಪರ್ಸೆಂಟ್ ಲೆಕ್ಕದಲ್ಲಿ "ಯಾವುದರಲ್ಲಿ?" ಅಂತ ಕೇಳೋಕೆ ಶುರು ಮಾಡಿದ ಮೇಲೆ

ಒಂಬತ್ತನೇ ಕ್ಲಾಸಲ್ಲಿ ನಂಗೆ ಪರ್ಸೆಂಟ್ ಅಂದ್ರೆ ಸೂತ್ರ ಬಾಯಿಪಾಠ ಮಾಡೋದು ಅಷ್ಟೇ ಆಗಿತ್ತು, ಪ್ರಶ್ನೆ ಸ್ವಲ್ಪ ತಿರುಗಿಸಿ ಕೊಟ್ರೆ ಮುಂದಕ್ಕೇ ಹೋಗ್ತಿರ್ಲಿಲ್ಲ. ಒಂದು ಟೆಸ್ಟಲ್ಲಿ ಹೀಗೆ ಬಂತು: ಒಂದು ಸಂಖ್ಯೆ 25% ಹೆಚ್ಚಾಗಿ 60 ಆಗಿದೆ, ಮೊದಲು ಎಷ್ಟಿತ್ತು? ನಾನು 60ರಲ್ಲಿ 25% ಕಳೆದು 45 ಅಂತ ಬರೆದೆ, ತಪ್ಪು ಅಂತ ಹಾಕಿದ್ರು. ಯಾಕೆ ತಪ್ಪು ಅಂತ ಯಾರೂ ಹೇಳ್ಲಿಲ್ಲ. ಮನೇಲಿ ಕೂತು 45ಕ್ಕೆ 25% ಸೇರಿಸಿ ನೋಡ್ದೆ, 56.25 ಬಂತು, 60 ಬರ್ಲೇ ಇಲ್ಲ. ಆಗ ಹೊಳೀತು, ಆ 25% ಅನ್ನೋದು 60ರದ್ದಲ್ಲ, ಹಳೇ ಸಂಖ್ಯೆದು!

ಅವತ್ತಿಂದ ಎಲ್ಲೇ ಪರ್ಸೆಂಟ್ ಕಂಡ್ರೂ ಅದರ ಕೆಳಗೆ ಪೆನ್ಸಿಲಲ್ಲಿ "ಯಾವುದರಲ್ಲಿ?" ಅಂತ ಬರೀತಿದ್ದೆ.

ಆಮೇಲೆ ಚಿತ್ರ ಬರೆಯೋಕೆ ಶುರು ಮಾಡ್ದೆ, ನಿಜವಾಗ್ಲೂ ಕೈ ಹಿಡಿದಿದ್ದು ಅದೇ. 25% ಅಂದ್ರೆ ನಾಲ್ಕರಲ್ಲಿ ಒಂದು ಭಾಗ, ಹಾಗಾಗಿ ಹಳೇದಕ್ಕೆ ನಾಲ್ಕು ಸಮ ಡಬ್ಬಿ, ಹೆಚ್ಚಾಗಿದ್ದಕ್ಕೆ ಐದನೇ ಡಬ್ಬಿ. ಐದು ಸೇರಿ 60 ಅಂದ್ರೆ ಒಂದೊಂದು 12, ನಾಲ್ಕು ಸೇರಿ 48. ಇಲ್ಲಿ ಹಳೇದು ಹೊಸದು 4:5 ಅನುಪಾತದಲ್ಲಿ ಇವೆ ಅಲ್ವಾ, ಅಂದ್ರೆ ಬೇರೆ ಬೇರೆ ಪಾಠ ಅಂದ್ಕೊಂಡಿದ್ದ ಅನುಪಾತ ಮತ್ತು ಶೇಕಡಾ ಎರಡೂ ಒಂದೇ ಚಿತ್ರ. 4ರಿಂದ 5ಕ್ಕೆ ಹೋದ್ರೆ 25% ಏರಿಕೆ, ಅದೇ 5ರಿಂದ 4ಕ್ಕೆ ಬಂದ್ರೆ 20% ಇಳಿಕೆ. ಡಬ್ಬಿ ಒಂದೇ, ಯಾವುದಕ್ಕೆ ಹೋಲಿಸ್ತೀವಿ ಅನ್ನೋದು ಬದಲಾಯ್ತು. ಇದು ಅರ್ಥ ಆದಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಲೆಕ್ಕ ಬೇಗ ಆಗ್ಬೇಕು ಅಂದ್ರೆ ಗುಣಿಸೋ ಸಂಖ್ಯೆ ಹಿಡ್ಕೋತೀನಿ. 20% ಹೆಚ್ಚಿದ್ರೆ 1.2, 20% ಕಮ್ಮಿ ಆದ್ರೆ 0.8. ಎರಡೂ ಒಂದಾದ್ಮೇಲೆ ಒಂದು ಆದ್ರೆ 1.2 × 0.8 = 0.96, ಮೊದಲಿದ್ದಲ್ಲಿಗೆ ವಾಪಸ್ ಬರಲ್ಲ, 4% ಕಮ್ಮಿನೇ ಉಳಿಯುತ್ತೆ.

ಈಗ ಹೈಸ್ಕೂಲ್ ಮಕ್ಕಳಿಗೆ ಹೇಳ್ಕೊಡ್ತೀನಿ, ಅವರು ಜಾಸ್ತಿ ಎಡವೋದು ಗುಣಿಸ್ಬೇಕಾದ ಕಡೆ ಕೂಡೋದ್ರಲ್ಲಿ. 4 ಸೆಂ.ಮೀ. ಅಗಲ 6 ಸೆಂ.ಮೀ. ಉದ್ದದ ಚಿತ್ರನ ಆಕಾರ ಕೆಡದ ಹಾಗೆ ದೊಡ್ಡದು ಮಾಡಿ ಅಗಲ 8 ಆದ್ರೆ ಉದ್ದ ಎಷ್ಟು ಅಂದ್ರೆ, ಅಗಲಕ್ಕೆ 4 ಸೇರಿಸಿದೀವಿ ಉದ್ದಕ್ಕೂ 4 ಸೇರಿಸೋಣ ಅಂತ 10 ಅಂತಾರೆ. ತಪ್ಪು ಅಂತ ಹೇಳೋ ಬದ್ಲು ಎರಡನ್ನೂ ಗ್ರಾಫ್ ಹಾಳೇಲಿ ಬರೆಸ್ತೀನಿ, ಚಿತ್ರ ಕುಳ್ಳಗೆ ಕಾಣೋದು ಅವರ ಕಣ್ಣಿಗೇ ಬೀಳುತ್ತೆ, 12 ಅಂತ ಅವರೇ ತಿದ್ಕೋತಾರೆ. ಓರೆ ಗುಣಾಕಾರ, ಅಂದ್ರೆ ಎರಡು ಅನುಪಾತ ಸಮ ಅಂತ ಬರೆದು ಎದುರು ಮೂಲೆಗಳ ಸಂಖ್ಯೆ ಗುಣಿಸೋ ವಿಧಾನ, ನಾನು ಕೊನೇಲೇ ಹೇಳೋದು. ಮೊದಲೇ ಹೇಳಿದ್ರೆ 6 ಜನ 10 ದಿನಕ್ಕೆ ಮುಗಿಸೋ ಕೆಲಸ 12 ಜನಕ್ಕೆ 20 ದಿನ ಅಂತ ಬರ್ದುಬಿಡ್ತಾರೆ, ಜನ ಜಾಸ್ತಿ ಆದ್ರೆ ದಿನ ಕಮ್ಮಿ ಆಗ್ಬೇಕಲ್ಲ ಅಂತ ಯೋಚ್ನೆನೇ ಮಾಡಲ್ಲ.

ಮೊನ್ನೆ ಪಾಸಾದವರು 40%ನಿಂದ 50%ಗೆ ಏರಿದ್ರೆ ಎಷ್ಟು ಏರಿಕೆ ಅಂತ ಕೇಳ್ದೆ. ಎಲ್ಲರೂ 10% ಅಂದ್ರು. ಹಿಂದೆ ಕೂತಿದ್ದ ಒಬ್ಬಳು ಮಾತ್ರ ಸ್ವಲ್ಪ ಹೊತ್ತು ಸುಮ್ನಿದ್ದು, "ಯಾವುದರಲ್ಲಿ ಮಿಸ್? 40ರಲ್ಲಿ ಅಂದ್ರೆ 25% ಅಲ್ವಾ?" ಅಂದ್ಲು.