ಜಲ್ಲಿ ಹಾದಿಯ ಹಿಮವನ್ನು ಪಿಕಪ್‌ನಿಂದ ತೆಗೆಯುವುದು: ಹೊಸ ಕುಟುಂಬಗಳಿಗೆ ಸಂಘದ ಮಾರ್ಗದರ್ಶಿ

ರಸ್ತೆಯಿಂದ ಸಾಕಷ್ಟು ಒಳಗಿರುವ ಮನೆಗೆ ಹೊಸದಾಗಿ ಬಂದಿರುವ ಕುಟುಂಬಗಳಿಗಾಗಿ ಇದನ್ನು ಬರೆದಿದ್ದೇವೆ. ನಿಮ್ಮ ಡ್ರೈವ್‌ವೇಗೆ, ಅಂದರೆ ರಸ್ತೆಯಿಂದ ಮನೆಗೆ ಬರುವ ಹಾದಿಗೆ, ಡಾಂಬರಿಲ್ಲ, ಜಲ್ಲಿ ಮಾತ್ರ ಹಾಸಿದೆ, ಪಿಕಪ್ ಇದೆ, ಅದರ ಮುಂದೆ ಪ್ಲೋ (ಹಿಮ ತಳ್ಳುವ ಅಗಲವಾದ ಬ್ಲೇಡಿನ ಸಾಧನ) ಕಟ್ಟಿಸಿದ್ದೀರಿ ಅಥವಾ ಈ ಚಳಿಗಾಲದೊಳಗೆ ಕಟ್ಟಿಸಬೇಕೆಂದಿದ್ದೀರಿ ಎಂದು ಭಾವಿಸಿಕೊಂಡಿದ್ದೇವೆ. ಹಿಮ ತೆಗೆಯುವ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಡಾಂಬರು ಅಥವಾ ಕಾಂಕ್ರೀಟ್ ಹಾದಿಗೆ ಹೊಂದುವಂಥವು. ಅವನ್ನೇ ಜಲ್ಲಿಯ ಮೇಲೆ ಪಾಲಿಸಿದರೆ ಹಿಮದ ಜೊತೆಗೆ ಹಾದಿಯೂ ಹೊರಟುಹೋಗುತ್ತದೆ.

ನೆಲ ಕಾಣಲೇಬೇಕೆಂಬ ಹಟ ಬೇಡ

ಗುಡಿಸಿದ ಮೇಲೆ ನೆಲ ಕಾಣದಿದ್ದರೆ ಕೆಲಸ ಮುಗಿಯಲಿಲ್ಲ ಎಂದು ತಿಳಿದು ಬೆಳೆದವರು ನಾವು. ಜಲ್ಲಿ ಹಾದಿಗೆ ಅತಿ ಹೆಚ್ಚು ಹಾನಿ ಮಾಡುವುದು ಈ ಅಭ್ಯಾಸವೇ. ಹಿಮ ಕರಗಿದಾಗ ಹೊಸ ಸದಸ್ಯರ ಹುಲ್ಲುಹಾಸಿನ ಮೇಲೆ ಬುಟ್ಟಿಗಟ್ಟಲೆ ಜಲ್ಲಿ ಬಿದ್ದಿರುವುದನ್ನು ಪ್ರತಿ ವರ್ಷವೂ ನೋಡುತ್ತೇವೆ. ಹಾದಿಯಲ್ಲಿ ಮಾತ್ರ ಗುಂಡಿಗಳು ಉಳಿದಿರುತ್ತವೆ.

ಇದರ ಕಾರಣವನ್ನು ಅರ್ಥಮಾಡಿಕೊಂಡರೆ ಉಳಿದುದೆಲ್ಲ ಸುಲಭವಾಗುತ್ತದೆ. ಚೆನ್ನಾಗಿ ಹಾಸಿದ ಹಾದಿಯಲ್ಲಿ ಮೂಲೆಗಳುಳ್ಳ ಒಡೆದ ಕಲ್ಲು ಮತ್ತು ಅದರ ಸಂದುಗಳನ್ನು ತುಂಬುವ ಕಲ್ಲುಪುಡಿ ಎರಡೂ ಇರುತ್ತವೆ. ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ, ಪುಡಿಯಲ್ಲಿರುವ ತೇವವು ಕೊರೆಯುವ ಚಳಿಯಲ್ಲಿ ಹೆಪ್ಪುಗಟ್ಟಿದಾಗ ಇಡೀ ಹಾಸು ಒಂದೇ ಹಲಗೆಯಂತೆ ಗಟ್ಟಿಯಾಗುತ್ತದೆ. ಆದರೆ ಮೊದಲ ಹಿಮ ಬೀಳುವ ಹೊತ್ತಿಗೆ ನೆಲ ಸಾಮಾನ್ಯವಾಗಿ ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ಆ ಸಮಯದಲ್ಲಿ ಬ್ಲೇಡನ್ನು ನೆಲಕ್ಕೆ ತಾಗಿಸಿದರೆ ಅದು ಮೇಲಿನ ಕಲ್ಲನ್ನು ಕಿತ್ತು, ಹಿಮದೊಳಗೆ ಸೇರಿಸಿ ಪಕ್ಕಕ್ಕೆ ತಳ್ಳುತ್ತದೆ. ನದಿಯ ಉರುಟು ಕಲ್ಲು ಹಾಸಿರುವ ಹಾದಿಯಲ್ಲಂತೂ ಕಲ್ಲುಗಳಿಗೆ ಪರಸ್ಪರ ಹಿಡಿತವೇ ಇರುವುದಿಲ್ಲವಾದ್ದರಿಂದ ನಷ್ಟ ಇನ್ನೂ ಹೆಚ್ಚು.

ಆದ್ದರಿಂದ ಮೊದಲ ಒಂದೆರಡು ಹಿಮಪಾತಗಳು ಹಗುರವಾಗಿದ್ದರೆ ಪ್ಲೋ ಮುಟ್ಟಬೇಡಿ. ಪಿಕಪ್ಪನ್ನು ಹಾದಿಯ ಪೂರ್ತಿ ಅಗಲದಲ್ಲಿ, ಪ್ರತಿ ಬಾರಿ ಚಕ್ರದ ಜಾಡನ್ನು ಸ್ವಲ್ಪ ಸರಿಸುತ್ತ, ನಿಧಾನವಾಗಿ ಓಡಾಡಿಸಿ ಹಿಮವನ್ನು ಅದುಮಿರಿ. ಸುಮಾರು 3ರಿಂದ 5 ಸೆಂಟಿಮೀಟರ್ ದಪ್ಪದ ಗಟ್ಟಿ ಪದರ ಉಂಟಾಗಿ, ರಾತ್ರಿಯ ಚಳಿಗೆ ಅದು ಜಲ್ಲಿಯೊಂದಿಗೆ ಹೆಪ್ಪುಗಟ್ಟಿದರೆ, ಚಳಿಗಾಲದುದ್ದಕ್ಕೂ ನೀವು ಪ್ಲೋ ಮಾಡುವುದು ಆ ಪದರದ ಮೇಲೆ. ಮೊದಲ ಹಿಮಪಾತವೇ ಭಾರಿಯಾಗಿದ್ದರೆ ಬ್ಲೇಡನ್ನು ನೆಲದಿಂದ 5 ಸೆಂಟಿಮೀಟರ್ ಎತ್ತರದಲ್ಲಿಟ್ಟು ಮೇಲಿನದನ್ನಷ್ಟೇ ತೆಗೆಯಿರಿ, ಉಳಿದದ್ದನ್ನು ಅದುಮಿ ಬಿಡಿ. ಹಾದಿ ಬೆಳ್ಳಗೆ ಕಾಣುತ್ತದೆ, ಅರ್ಧಕ್ಕೆ ಬಿಟ್ಟ ಕೆಲಸದಂತೆ ತೋರುತ್ತದೆ; ಅದೇ ಸರಿಯಾದ ಹಾದಿ.

ಈ ಪದರ ಜಾರುತ್ತದೆ ಎಂಬ ದೂರು ನ್ಯಾಯವಾದದ್ದೇ. ಆದರೆ ಅದಕ್ಕೆ ಉಪ್ಪು ಪರಿಹಾರವಲ್ಲ. ಉಪ್ಪು ಪದರವನ್ನು ಕರಗಿಸಿ ಉಪ್ಪುನೀರನ್ನು ಕಲ್ಲುಪುಡಿಯೊಳಗೆ ಇಳಿಸುತ್ತದೆ. ಹೆಪ್ಪುಗಟ್ಟಿದ ಹಾಸು ಸಡಿಲವಾಗಿ ಕೆಸರಾಗುತ್ತದೆ, ಚಕ್ರಗಳು ಅದರಲ್ಲಿ ಗಾಡಿಜಾಡು ಕೊರೆಯುತ್ತವೆ, ಮತ್ತೆ ಚಳಿ ಏರಿದಾಗ ಆ ಜಾಡುಗಳೇ ಕಲ್ಲಿನಂತೆ ಗಟ್ಟಿಯಾಗಿ ಉಳಿಯುತ್ತವೆ. ಮರಳನ್ನು ಅಥವಾ ಸಣ್ಣ ಕಲ್ಲುಚೂರನ್ನು ಎರಚಿ. ಇಳಿಜಾರು, ತಿರುವು ಮತ್ತು ರಸ್ತೆಗೆ ಸೇರುವ ಬಾಯಿ, ಈ ಮೂರು ಕಡೆ ಮರೆಯದೆ ಎರಚಿ.

ಪ್ಲೋವನ್ನು ಜಲ್ಲಿಗೆ ಹೊಂದಿಸುವುದು

ಬ್ಲೇಡಿನ ಎರಡೂ ತುದಿಗಳ ಹಿಂದೆ ಅಣಬೆಯಾಕಾರದ ಉಕ್ಕಿನ ಪಾದಗಳಿರುತ್ತವೆ. ಇವನ್ನು ಶೂ ಎನ್ನುತ್ತಾರೆ. ಡಾಂಬರಿನ ಮೇಲೆ ಕೆಲಸ ಮಾಡುವವರು ಇವನ್ನು ಬಿಚ್ಚಿಡುವುದುಂಟು, ಆದರೆ ಜಲ್ಲಿಗೆ ಇವು ಬೇಕೇ ಬೇಕು. ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಬ್ಲೇಡಿನ ಅಂಚಿನ ಕೆಳಗೆ ಎರಡೂ ಕಡೆ ಸುಮಾರು 2.5 ಸೆಂಟಿಮೀಟರ್ ದಪ್ಪದ ಮರದ ಪಟ್ಟಿಯಿಟ್ಟು, ಬ್ಲೇಡನ್ನು ಅದರ ಮೇಲೆ ಇಳಿಸಿ, ಶೂಗಳು ನೆಲಕ್ಕೆ ತಾಗುವಂತೆ ವಾಷರ್‌ಗಳನ್ನು ಹೊಂದಿಸಿ. ನೆಲ ಚೆನ್ನಾಗಿ ಹೆಪ್ಪುಗಟ್ಟಿದ ಮೇಲೆ ಈ ಅಂತರವನ್ನು ಅರ್ಧದಷ್ಟಕ್ಕೆ ಇಳಿಸಬಹುದು. ಶೂಗಳು ಸವೆಯುತ್ತವೆ, ಚಳಿಗಾಲದ ನಡುವೆ ಒಮ್ಮೆಯಾದರೂ ಅಳೆದು ನೋಡಿ.

ಮೆತ್ತಗಿನ ಜಲ್ಲಿಯಲ್ಲಿ ಶೂಗಳೇ ಹೂತುಹೋಗುತ್ತವೆ ಎಂಬುದು ನಿಜ. ಅದಕ್ಕಾಗಿ ಅನುಭವಿಗಳು ಬಳಸುವ ಉಪಾಯವೊಂದಿದೆ: ಉಕ್ಕಿನ ಪೈಪೊಂದನ್ನು ಉದ್ದಕ್ಕೆ ಸೀಳಿ, ಬ್ಲೇಡಿನ ಕೆಳಅಂಚಿಗೆ ಸಿಕ್ಕಿಸಿ, ಬೋಲ್ಟ್ ಹಾಕಿ ಬಿಗಿಯುವುದು. ಚೂಪಾದ ಅಂಚಿನ ಬದಲು ದುಂಡನೆಯ ಅಂಚು ನೆಲಕ್ಕೆ ತಾಗುವುದರಿಂದ ಬ್ಲೇಡು ಕಲ್ಲುಗಳನ್ನು ಅಗೆಯದೆ ಅವುಗಳ ಮೇಲೆ ಜಾರಿಕೊಂಡು ಹೋಗುತ್ತದೆ. ರಬ್ಬರ್ ಅಥವಾ ಯುರಿಥೇನ್ ಅಂಚುಗಳೂ ಇದೇ ಕೆಲಸಕ್ಕೆ ಸಿಗುತ್ತವೆ. ಬ್ಲೇಡನ್ನು ನೆಲಕ್ಕೆ ಒತ್ತಿಹಿಡಿಯುವ ವ್ಯವಸ್ಥೆ ನಿಮ್ಮ ಪ್ಲೋದಲ್ಲಿದ್ದರೆ ಜಲ್ಲಿಯ ಮೇಲೆ ಅದನ್ನು ಬಂದ್ ಮಾಡಿಬಿಡಿ; ನೆಲದ ಏರಿಳಿತಕ್ಕೆ ತಕ್ಕಂತೆ ಬ್ಲೇಡು ತಾನೇ ಏರಿ ಇಳಿಯುವ ಫ್ಲೋಟ್ ಸ್ಥಿತಿಯಲ್ಲಿ ಅದು ಇರಲಿ.

ಗಾಡಿ

ನೂರಾರು ಕಿಲೋ ತೂಗುವ ಪ್ಲೋ ಪೂರ್ತಿಯಾಗಿ ಮುಂದಿನ ಆಕ್ಸಲ್‌ನ ಮೇಲೆ ಕೂರುತ್ತದೆ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಮುಂದಿನ ಆಕ್ಸಲ್ ಎಷ್ಟು ಭಾರ ಹೊರಬಲ್ಲದೆಂದು ಬರೆದಿರುತ್ತದೆ. ಕೊಳ್ಳುವ ಮೊದಲು ಅದನ್ನು ಓದಿ. ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಹೋಗುವ ಗಾಡಿಯೇ ಬೇಕು, ಚಳಿಗಾಲದ ಟೈರುಗಳು ಬೇಕು, ಹಿಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಮರಳುಚೀಲಗಳ ಎದುರುಭಾರ ಬೇಕು. ಆ ಚೀಲಗಳನ್ನು ಸರಿಯಾಗಿ ಕಟ್ಟಿರಬೇಕು, ಇಲ್ಲವಾದರೆ ಬ್ಲೇಡು ಯಾವುದಕ್ಕಾದರೂ ಬಡಿದಾಗ ಅವು ಮುಂದಕ್ಕೆ ನುಗ್ಗುತ್ತವೆ.

ನೆಲ ಗಟ್ಟಿಯಾಗುವ ಮೊದಲು ಮುಗಿಸಬೇಕಾದ ಕೆಲಸ

ಹಾದಿಯ ಎರಡೂ ಅಂಚಿಗೆ ಬೆಳಕಿಗೆ ಹೊಳೆಯುವ ಕಡ್ಡಿಗಳನ್ನು ನೆಡಿ. ಹೆಪ್ಪುಗಟ್ಟಿದ ನೆಲಕ್ಕೆ ಕಡ್ಡಿ ಇಳಿಯುವುದಿಲ್ಲ, ಆದ್ದರಿಂದ ಇದನ್ನು ಮುಂದೂಡಬೇಡಿ. ತಿರುವಿನಲ್ಲಿ ಹತ್ತಿರ ಹತ್ತಿರ ನೆಡಿ. ಮೋರಿಯ ಬಾಯಿ, ಕೊಳವೆಬಾವಿಯ ತಲೆ, ದೊಡ್ಡ ಬಂಡೆ, ಅಂಚೆಪೆಟ್ಟಿಗೆ, ಗ್ಯಾಸ್ ಟ್ಯಾಂಕ್, ಮೀಟರ್ ಇವುಗಳಿಗೆಲ್ಲ ಗುರುತಿರಲಿ.

ಹಿಮವನ್ನು ಎಲ್ಲಿ ಒಟ್ಟುವುದೆಂದು ಹಸಿರು ಇರುವಾಗಲೇ ನಡೆದು ನೋಡಿ ನಿರ್ಧರಿಸಿ. 60 ಮೀಟರ್ ಉದ್ದ, 3 ಮೀಟರ್ ಅಗಲದ ಹಾದಿಯಲ್ಲಿ 15 ಸೆಂಟಿಮೀಟರ್ ಹಿಮ ಬಿದ್ದರೆ ಅದು 27 ಘನ ಮೀಟರ್ ಆಗುತ್ತದೆ. ಘನ ಮೀಟರಿಗೆ 100 ಕಿಲೋ ತೂಗುವ ಹಗುರ ಹಿಮವಾದರೆ ಅದು 2.7 ಟನ್, ಒದ್ದೆಯಾಗಿ 300 ಕಿಲೋ ತೂಗಿದರೆ 8.1 ಟನ್. ಇಷ್ಟನ್ನು ಹಲವು ಬಾರಿ ಇಡಲು ಜಾಗ ಬೇಕು. ಸಾಧ್ಯವಾದರೆ ರಾಶಿ ಹಾದಿಗಿಂತ ತಗ್ಗಿನಲ್ಲಿರಲಿ, ಆಗ ಕರಗಿದ ನೀರು ಹಾದಿಗೆ ಹರಿದು ಮತ್ತೆ ಮಂಜುಗಡ್ಡೆಯಾಗುವುದು ತಪ್ಪುತ್ತದೆ. ಗಾಳಿ ಬೀಸಿ ಬರುವ ಕಡೆ ಎತ್ತರದ ರಾಶಿ ಹಾಕಿದರೆ ಅದರ ಮರೆಯಲ್ಲಿ, ಅಂದರೆ ನಿಮ್ಮ ಹಾದಿಯ ಮೇಲೆಯೇ, ಗಾಳಿ ತಂದ ಹಿಮ ಶೇಖರವಾಗುತ್ತದೆ.

ಸೆಪ್ಟಿಕ್ ಟ್ಯಾಂಕ್ ಮತ್ತು ಅದರ ನೀರು ಇಂಗುವ ಜಾಗದ ಮೇಲೆ ಗಾಡಿ ಓಡಿಸಬಾರದು. ಹಗುರವಾಗಿ ಬಿದ್ದ ಹಿಮ ನೆಲದ ಶಾಖವನ್ನು ಕಾಪಾಡುತ್ತದೆ. ಅದುಮಿದ ಹಿಮಕ್ಕೆ ಆ ಗುಣ ಕಡಿಮೆಯಾಗಿ, ಚಳಿ ಆಳಕ್ಕಿಳಿದು ಕೊಳವೆಗಳು ಹೆಪ್ಪುಗಟ್ಟುತ್ತವೆ. ಆ ಜಾಗ ಎಲ್ಲಿದೆಯೆಂದು ತಿಳಿಯದಿದ್ದರೆ ಮನೆ ಮಾರಿದವರನ್ನೋ ಮಾಲೀಕರನ್ನೋ ಈಗಲೇ ಕೇಳಿ.

ಇದಕ್ಕಿಂತಲೂ ಮುಖ್ಯವಾದದ್ದು ಹೊಗೆಕೊಳವೆ. ಅನೇಕ ಮನೆಗಳಲ್ಲಿ ಹೀಟರಿನ ಹೊಗೆ ಹೋಗುವ ಮತ್ತು ಅದಕ್ಕೆ ಗಾಳಿ ಬರುವ ಬಿಳಿ ಕೊಳವೆಗಳು ಛಾವಣಿಯ ಮೇಲಿರದೆ ಗೋಡೆಯಿಂದಲೇ, ನೆಲಕ್ಕೆ ಸ್ವಲ್ಪ ಎತ್ತರದಲ್ಲಿ ಹೊರಬಂದಿರುತ್ತವೆ. ಹೊಸದಾಗಿ ಬಂದವರಿಗೆ ಅವು ಯಾವುದೋ ನೀರಿನ ಕೊಳವೆಯಂತೆ ಕಾಣುತ್ತವೆ. ಗ್ಯಾರೇಜಿನ ಪಕ್ಕದ ಹಿಮವನ್ನು ಆ ಗೋಡೆಗೆ ಒತ್ತಿ ರಾಶಿ ಹಾಕಿದರೆ ಹೀಟರ್ ನಿಂತುಹೋಗಬಹುದು, ಇಲ್ಲವೇ ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬಬಹುದು. ಮಲಗಿರುವವರಿಗೆ ಅದರ ಸುಳಿವೇ ಸಿಗುವುದಿಲ್ಲ. ಮನೆಯ ಸುತ್ತ ಒಮ್ಮೆ ನಡೆದು ಆ ಕೊಳವೆಗಳನ್ನು ಮನೆಮಂದಿಗೆಲ್ಲ ತೋರಿಸಿ, ಪ್ರತಿ ಹಿಮಪಾತದ ನಂತರ ಅವುಗಳ ಸುತ್ತ ಕೈಯಿಂದಲೇ ಬಿಡಿಸಿ, ಮಲಗುವ ಕೋಣೆಗಳ ಬಳಿ ಈ ಅನಿಲವನ್ನು ಪತ್ತೆಹಚ್ಚಿ ಎಚ್ಚರಿಸುವ ಅಲಾರಂ ಇಡಿ. ಗಾಡಿಯ ಸೈಲೆನ್ಸರಿಗೂ ಇದೇ ಮಾತು ಅನ್ವಯಿಸುತ್ತದೆ: ಹಿಮದಲ್ಲಿ ಸಿಕ್ಕಿಕೊಂಡಾಗ ಅದರ ಬಾಯಿ ಮುಚ್ಚಿದ್ದರೆ ಎಂಜಿನ್ ಚಾಲೂ ಇಟ್ಟು ಒಳಗೆ ಕೂರಬೇಡಿ.

ತೆಗೆಯುವ ಕ್ರಮ

ಹಿಮ ನಿಲ್ಲಲಿ, ಒಟ್ಟಿಗೇ ತೆಗೆಯೋಣ ಎಂದು ಕಾಯುವುದು ತಪ್ಪು ಲೆಕ್ಕ. ಪ್ರತಿ 10ರಿಂದ 15 ಸೆಂಟಿಮೀಟರ್ ಬಿದ್ದಾಗ ಒಮ್ಮೆ ತೆಗೆದರೆ ಗಾಡಿಗೆ ಶ್ರಮ ಕಡಿಮೆ. ಮೊದಲು ಗ್ಯಾರೇಜಿನ ಬಾಗಿಲಿನ ಮುಂದೆ ಬ್ಲೇಡನ್ನು ಇಳಿಸಿ ಹಿಂದಕ್ಕೆ ಎಳೆಯಿರಿ. ಹಿಂದೆಳೆತದಲ್ಲಿ ಬ್ಲೇಡು ಜಲ್ಲಿಯನ್ನು ಕೆರೆಯುವುದೂ ಕಡಿಮೆ. ಅನಂತರ ಬ್ಲೇಡನ್ನು ಒಂದು ಬದಿಗೆ ಓರೆಮಾಡಿ ಹಾದಿಯ ನಡುವೆ ಒಂದು ಸಾಲು ತೆಗೆದು, ಮುಂದಿನ ಸಾಲುಗಳಲ್ಲಿ ಅಗಲಿಸುತ್ತ ಹೋಗಿ. ಚಳಿಗಾಲದ ಆರಂಭದಲ್ಲಿ ಹಾದಿಯ ಅಂಚನ್ನೂ ದಾಟಿ ದೂರಕ್ಕೆ ತಳ್ಳಬೇಕು, ಏಕೆಂದರೆ ಬದಿಯ ದಿಬ್ಬಗಳು ಹೆಪ್ಪುಗಟ್ಟಿದ ಮೇಲೆ ಪಿಕಪ್ಪು ಅವನ್ನು ಅಲುಗಿಸಲಾರದು ಮತ್ತು ಪ್ರತಿ ಹಿಮಪಾತಕ್ಕೂ ಹಾದಿ ಕಿರಿದಾಗುತ್ತ ಹೋಗುತ್ತದೆ. ಒಂದು ಕಾರು ಹೋದರೆ ಸಾಕೆಂದು ತೃಪ್ತಿಪಡುವವರು ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನದ ಅಗಲವನ್ನು ನೆನೆಯಬೇಕು.

ರಾಶಿಯ ಬಳಿ ಬಂದಾಗ ವೇಗ ತಗ್ಗಿಸಿ, ಬ್ಲೇಡನ್ನು ಮೆಲ್ಲನೆ ಎತ್ತುತ್ತ ಹಿಮವನ್ನು ಮೇಲಕ್ಕೆ ಏರಿಸಿ, ಗುದ್ದಬೇಡಿ. ನಡೆಯುವ ವೇಗಕ್ಕಿಂತ ಸ್ವಲ್ಪ ಹೆಚ್ಚು ವೇಗ ಜಲ್ಲಿಗೆ ಸಾಕು, ಸೀಟ್ ಬೆಲ್ಟ್ ಕಡ್ಡಾಯ. ಹುದುಗಿದ ಕಲ್ಲಿಗೆ ತಗುಲಿದಾಗ ಬ್ಲೇಡು ಮುಂದಕ್ಕೆ ಬಾಗಿ ಹಿಂದಿರುಗುವಂತೆ ಸ್ಪ್ರಿಂಗುಗಳಿರುತ್ತವೆ, ಆದರೆ ಅವು ಕಡಿಮೆ ವೇಗದಲ್ಲಿ ಮಾತ್ರ ನಿಮ್ಮನ್ನು ಕಾಯುತ್ತವೆ. ಮುಂದಿನಿಂದ ಹಿಂದಿನ ಗೇರಿಗೆ ಬದಲಿಸುವಾಗ ಪ್ರತಿ ಸಲವೂ ಗಾಡಿ ಪೂರ್ತಿ ನಿಲ್ಲಲಿ; ಪ್ಲೋ ಗಾಡಿಗಳ ಟ್ರಾನ್ಸ್‌ಮಿಷನ್ ಕೆಡುವುದು ಹೆಚ್ಚಾಗಿ ಈ ಅವಸರದಿಂದಲೇ. ರಸ್ತೆಯಲ್ಲಿ ಸಾಗುವಾಗ ಎತ್ತಿದ ಬ್ಲೇಡು ರೇಡಿಯೇಟರಿಗೆ ಗಾಳಿ ತಡೆಯುತ್ತದೆ, ಆದ್ದರಿಂದ ಎಂಜಿನ್ ಬಿಸಿಯ ಮುಳ್ಳಿನ ಮೇಲೆ ಕಣ್ಣಿರಲಿ. ಬಿಸಿ ಏರಿದರೆ ಬ್ಲೇಡನ್ನು ಓರೆಮಾಡಿ ಸ್ವಲ್ಪ ತಗ್ಗಿಸಿ.

ರಸ್ತೆಯ ಬಾಯಿಯಲ್ಲಿ ನಗರಾಡಳಿತದ ಪ್ಲೋ ಬಿಟ್ಟುಹೋಗುವ ಗಟ್ಟಿ ದಿಬ್ಬ ಎಲ್ಲರಿಗೂ ಸಿಟ್ಟು ತರಿಸುತ್ತದೆ. ವಾಹನಗಳು ಬಲಬದಿಯಲ್ಲಿ ಸಾಗುವ ದೇಶದಲ್ಲಿ, ನೀವು ರಸ್ತೆಗೆ ಮುಖಮಾಡಿ ನಿಂತಾಗ ನಿಮ್ಮ ಎಡಕ್ಕೆ ಬರುವ ರಸ್ತೆಬದಿಯಲ್ಲಿ ಕೆಲವು ಮೀಟರ್ ಉದ್ದದ ಖಾಲಿ ಜಾಗ ಬಿಡಿಸಿಡಿ. ಪ್ಲೋ ಹೊತ್ತು ತಂದ ಹಿಮದ ಬಹುಪಾಲು ಅಲ್ಲೇ ಬಿದ್ದು ನಿಮ್ಮ ಹಾದಿಯ ಬಾಯಿಗೆ ಬರುವುದು ಕಡಿಮೆಯಾಗುತ್ತದೆ. ನಿಮ್ಮ ಹಿಮವನ್ನು ರಸ್ತೆಗೆ ತಳ್ಳುವುದು, ರಸ್ತೆ ದಾಟಿಸಿ ಎದುರಿನ ಜಾಗಕ್ಕೆ ಹಾಕುವುದು ಹಲವೆಡೆ ಕಾನೂನಿಗೆ ವಿರುದ್ಧ, ಎಲ್ಲೆಡೆಯೂ ಅಪಾಯ. ನಮ್ಮವರ ಮನೆಯಿಂದ ಇಂಥ ದೂರು ಬರಬಾರದೆಂಬುದು ಸಂಘದ ಖಚಿತ ನಿಲುವು.

ಮಕ್ಕಳು

ಪ್ಲೋ ಓಡುವಾಗ ಮಕ್ಕಳು ಮನೆಯೊಳಗಿರಬೇಕು. ಬ್ಲೇಡಿನ ಹಿಂದೆ ಕುಳಿತವರಿಗೆ ಎದುರಿನ ಪುಟ್ಟ ಮಗು ಕಾಣುವುದಿಲ್ಲ, ಹಿಂದಕ್ಕೆ ಬರುವಾಗಲಂತೂ ಏನೂ ಕಾಣುವುದಿಲ್ಲ. ಬಂಧುಗಳಿಗೆ ಕಳುಹಿಸಲೆಂದು ಮಕ್ಕಳನ್ನು ಪ್ಲೋ ಪಕ್ಕ ನಿಲ್ಲಿಸಿ ವಿಡಿಯೋ ತೆಗೆಯುವುದನ್ನು ದಯವಿಟ್ಟು ಬಿಡಿ. ರಾಶಿಯಲ್ಲಿ ಸುರಂಗ ತೋಡಲು ಬಿಡಬೇಡಿ; ಅದು ಕುಸಿಯುತ್ತದೆ, ಒಳಗೆ ಮಗುವಿದೆಯೆಂದು ತಿಳಿಯದೆ ಮುಂದಿನ ಹಿಮವನ್ನು ಅದರ ಮೇಲೆಯೇ ತಳ್ಳುವ ಸಂಭವವೂ ಇದೆ.

ಗಾಡಿಯಲ್ಲಿ ಇರಬೇಕಾದವು

ಸಲಿಕೆ. ಎಳೆಯುವ ಪಟ್ಟಿ. ಒಂದು ಚೀಲ ಮರಳು. ಹೈಡ್ರಾಲಿಕ್ ಎಣ್ಣೆ ಮತ್ತು ಆ ಎಣ್ಣೆ ಸಾಗುವ ಒಂದು ಹೆಚ್ಚುವರಿ ಹೋಸು (ಕೊಳವೆ). ಪಿನ್ನುಗಳು, ಸ್ಪ್ಯಾನರ್. ಟಾರ್ಚು. ಒಣ ಕೈಗವಸು. ಚಾರ್ಜಾಗಿರುವ ಫೋನು.

ನೆರೆಹೊರೆ

ನಮ್ಮ ಸದಸ್ಯರು ಪಕ್ಕದ ಮನೆಯ ಹಿರಿಯರ ಹಾದಿಯನ್ನೂ ಕೇಳದೆಯೇ ತೆಗೆದುಕೊಡುತ್ತಾರೆಂಬ ಹೆಸರು ಸಂಘಕ್ಕಿದೆ, ಅದು ನಮಗೆ ಹೆಮ್ಮೆಯ ವಿಷಯ. ಹೊಸಬರೂ ಅದನ್ನು ಮುಂದುವರಿಸಬೇಕೆಂದು ಕೋರುತ್ತೇವೆ. ಆದರೆ ಹಣ ಪಡೆದು ತೆಗೆಯುವುದಾದರೆ ಮೊದಲು ವಿಮಾ ಸಂಸ್ಥೆಗೆ ತಿಳಿಸಿ, ಏಕೆಂದರೆ ಮನೆಬಳಕೆಯ ವಾಹನ ವಿಮೆ ಅಂಥ ಕೆಲಸಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಹಿಮ ಕರಗುವಾಗ

ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ದಿನಗಳು ಆರಂಭವಾದಾಗ ಬ್ಲೇಡನ್ನು ಮತ್ತೆ ಎತ್ತರಿಸಿ, ಬೆಳಗಿನ ಜಾವ ನೆಲ ಗಟ್ಟಿಯಾಗಿರುವಾಗಷ್ಟೇ ತೆಗೆಯಿರಿ. ನೆಲ ಮೆತ್ತಗಾದ ಮೇಲೆ ಭಾರದ ಗಾಡಿ ಓಡಿಸಿದರೆ ಚಳಿಗಾಲವೆಲ್ಲ ಉಳಿಸಿಕೊಂಡ ಹಾಸು ಒಂದೇ ದಿನದಲ್ಲಿ ಕೆಡುತ್ತದೆ. ಹುಲ್ಲಿನ ಮೇಲೆ ಸೇರಿರುವ ಅಲ್ಪಸ್ವಲ್ಪ ಜಲ್ಲಿಯನ್ನು ಹುಲ್ಲು ಬೆಳೆದು ಮುಚ್ಚುವ ಮೊದಲೇ ಕುಂಟೆಯಿಂದ ಎಳೆದು ಹಾದಿಗೆ ಸೇರಿಸಿ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕ ಕಲ್ಲು ಗುಂಡಿನಂತೆ ಹಾರುತ್ತದೆ. ನೆಲ ಒಣಗಿದ ನಂತರ ಹಾದಿಯ ನಡುಭಾಗ ಅಂಚಿಗಿಂತ ತುಸು ಎತ್ತರವಾಗುವಂತೆ ಸಮಮಾಡಿ, ನೀರು ಎರಡೂ ಬದಿಗೆ ಹರಿದುಹೋಗಲಿ. ಪ್ಲೋವನ್ನು ಬಿಚ್ಚಿ ತೊಳೆದು, ತುಕ್ಕು ಹಿಡಿದ ಕಡೆ ಬಣ್ಣ ಬಳಿದು, ಹೈಡ್ರಾಲಿಕ್ ಎಣ್ಣೆ ಬದಲಾಯಿಸಿ, ವಿದ್ಯುತ್ ಜೋಡಣೆಗಳಿಗೆ ಗ್ರೀಸ್ ಹಚ್ಚಿ ಮುಚ್ಚಿಡಿ. ಸವೆದ ಶೂಗಳನ್ನು ಬೇಸಿಗೆಯಲ್ಲೇ ತರಿಸಿಕೊಳ್ಳಿ, ಮೊದಲ ಹಿಮ ಬಿದ್ದ ವಾರ ಅವು ಎಲ್ಲರಿಗೂ ಒಟ್ಟಿಗೇ ಬೇಕಾಗುತ್ತವೆ.