ವೈನ್ ಡಿಪ್ಲೊಮಾಗೆ ಓದುವವರಿಗೆ: ಏನು ಓದಬೇಕು, ಹೇಗೆ ಸವಿಯಬೇಕು, ಹೇಗೆ ಬರೆಯಬೇಕು

ವೈನ್ ಕಲಿಸುವ ಲಂಡನ್ನಿನ ಸಂಸ್ಥೆ ಡಬ್ಲ್ಯುಎಸ್‌ಇಟಿಯ (ವೈನ್ ಅಂಡ್ ಸ್ಪಿರಿಟ್ ಎಜುಕೇಶನ್ ಟ್ರಸ್ಟ್) ಲೆವೆಲ್ 3 ಮುಗಿಸಿ ಡಿಪ್ಲೊಮಾಗೆ, ಅಂದ್ರೆ ಲೆವೆಲ್ 4ಕ್ಕೆ, ಸೇರಬೇಕು ಅಂದುಕೊಂಡವರು ಮೊದಲು ಕೇಳುವುದು ಒಂದೇ ಮಾತು. ಇಷ್ಟೊಂದನ್ನು ನೆನಪಿಟ್ಟುಕೊಳ್ಳೋದು ಹೇಗೆ? ನನ್ನ ಪ್ರಕಾರ ಕಷ್ಟ ಇರುವುದು ನೆನಪಿನಲ್ಲಿ ಅಲ್ಲ. ಎಲ್ಲ ಊರು, ಎಲ್ಲ ತಳಿ ಬಾಯಿಗೆ ಬರುವವರೂ ಇಲ್ಲಿ ಫೇಲ್ ಆಗುತ್ತಾರೆ. ತಮಗೆ ಗೊತ್ತಿರುವುದನ್ನೆಲ್ಲ ಬರೆದು ಬರುತ್ತಾರೆ, ಕೇಳಿದ್ದನ್ನು ಬರೆದಿರುವುದಿಲ್ಲ. ಲೆವೆಲ್ 3ರಲ್ಲಿ 'ಏನು' ಗೊತ್ತಿದ್ದರೆ ಹೇಗೋ ದಾಟಬಹುದು. ಇಲ್ಲಿ 'ಯಾಕೆ' ಗೊತ್ತಿರಬೇಕು, ಅದನ್ನು ಗಡಿಯಾರ ನೋಡಿಕೊಂಡು ಬರೆಯಲೂ ಬರಬೇಕು.

ಮೊದಲು ಪರೀಕ್ಷೆಯ ಆಕಾರ ತಿಳಿದುಕೊಳ್ಳಿ. ಆರು ಯೂನಿಟ್‌ಗಳಿವೆ. ಡಿ1 ವೈನ್ ತಯಾರಿಕೆ, 20 ಶೇಕಡಾ ಅಂಕ. ಡಿ2 ವೈನ್ ವ್ಯಾಪಾರ, 10. ಡಿ3 ಜಗತ್ತಿನ ವೈನ್‌ಗಳು, ಒಂದಕ್ಕೇ 50. ಡಿ4 ನೊರೆಯುಕ್ಕುವ ವೈನ್, ಡಿ5 ಫೋರ್ಟಿಫೈಡ್ ವೈನ್ (ಮೇಲಿಂದ ಮದ್ಯಸಾರ ಸೇರಿಸಿದ್ದು), ತಲಾ 5. ಡಿ6 ಸಂಶೋಧನಾ ಬರಹ, 10. ಪಾಸಾಗಲು 55 ಶೇಕಡಾ ಬೇಕು. ಡಿ3ರಲ್ಲಿ ಥಿಯರಿಯೂ ಟೇಸ್ಟಿಂಗೂ ಬೇರೆಬೇರೆ ಪಾಸಾಗಬೇಕು, ಒಂದರಲ್ಲಿ ಮಿಕ್ಕಿದ್ದು ಇನ್ನೊಂದಕ್ಕೆ ಬರುವುದಿಲ್ಲ. ಒಟ್ಟು 500 ಗಂಟೆ ಓದು ಅಂತ ಸಂಸ್ಥೆಯವರೇ ಹೇಳುತ್ತಾರೆ. ಕೆಲಸ, ಮನೆ, ಮಕ್ಕಳು ಇರುವವರಿಗೆ ಅದು ಎರಡು ವರ್ಷದ ಮಾತು. ಆರು ತಿಂಗಳಲ್ಲಿ ಮುಗಿಸ್ತೀನಿ ಅಂತ ಹೊರಡಬೇಡಿ.

ಶುರು ಡಿ1ರಿಂದಲೇ ಆಗಲಿ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಪ್ರತಿ ಸಂಗತಿಗೂ 'ಯಾಕೆ' ಕೇಳಿ

ನೋಟ್ಸ್ ಬರೆಯುವಾಗ ಎಲ್ಲರೂ ಮಾಡುವುದು ಪುಸ್ತಕದ ಸಾಲನ್ನೇ ಚಿಕ್ಕದು ಮಾಡಿ ಬರೆದುಕೊಳ್ಳುವುದು. ಅದು ಕೈಗೆ ಕೆಲಸ, ತಲೆಗಲ್ಲ. ಅದರ ಬದಲು ಹಾಳೆಯ ಎಡಗಡೆ ಕಾರಣ ಬರೆಯಿರಿ, ನಡುವೆ ಅದರಿಂದ ದ್ರಾಕ್ಷಿಗೆ ಅಥವಾ ರಸಕ್ಕೆ ಏನಾಯಿತು ಅಂತ ಬರೆಯಿರಿ, ಬಲಗಡೆ ಗ್ಲಾಸಿನಲ್ಲಿ ಏನು ಸಿಗುತ್ತದೆ ಅಂತ ಬರೆಯಿರಿ. ಮೂರೂ ತುಂಬಲಿಲ್ಲ ಅಂದ್ರೆ ಆ ವಿಷಯ ಇನ್ನೂ ಬಂದಿಲ್ಲ ಅಂತಲೇ ಅರ್ಥ.

ಶೆರಿ ಅನ್ನುವ ಫೋರ್ಟಿಫೈಡ್ ವೈನನ್ನೇ ತೆಗೆದುಕೊಳ್ಳಿ. ಅದರ ಬಗೆಗಳಲ್ಲಿ ಫಿನೋ ತಿಳಿ ಬಣ್ಣದ್ದು, ಒಲೊರೊಸೊ ಕಂದು ಬಣ್ಣದ್ದು. ಇಷ್ಟು ಎಲ್ಲರಿಗೂ ಗೊತ್ತು. ಎರಡೂ ಪಲೊಮಿನೊ ದ್ರಾಕ್ಷಿಯದ್ದೇ, ಎರಡೂ ಸ್ಪೇನಿನ ಹೆರೆಸ್ ಸುತ್ತಿನದ್ದೇ, ಹಾಗಿದ್ದರೆ ವ್ಯತ್ಯಾಸ ಎಲ್ಲಿಂದ ಬಂತು? ಫಿನೋಗೆ ಮೆಲ್ಲಗೆ ಹಿಂಡಿದ ಹಗುರ ರಸ ತೆಗೆದುಕೊಳ್ಳುತ್ತಾರೆ, ಅದರ ವೈನಿಗೆ ಮದ್ಯಸಾರ ಸೇರಿಸಿ 15ರಿಂದ 15.5 ಶೇಕಡಾಕ್ಕೆ ತರುತ್ತಾರೆ. ಆ ಮಟ್ಟದಲ್ಲಿ ಫ್ಲೋರ್ ಅನ್ನುವ ಯೀಸ್ಟ್ ಪದರ ಬದುಕುತ್ತದೆ. ಪೀಪಾಯಿಯನ್ನು ಪೂರ್ತಿ ತುಂಬಿಸದೆ ಮೇಲೆ ಗಾಳಿಗೆ ಜಾಗ ಬಿಡುವುದು ಅದಕ್ಕೇ. ಆ ಪದರ ಕೆಳಗಿನ ವೈನಿಗೆ ಗಾಳಿ ತಾಗದಂತೆ ತಡೆಯುತ್ತದೆ, ಹಾಗಾಗಿ ಬಣ್ಣ ತಿಳಿಯಾಗಿಯೇ ಉಳಿಯುತ್ತದೆ. ಅದು ಮದ್ಯಸಾರವನ್ನೂ ಗ್ಲಿಸರಾಲನ್ನೂ ತಿನ್ನುತ್ತದೆ, ಅಸಿಟಾಲ್ಡಿಹೈಡ್ ಅನ್ನುವ ರಾಸಾಯನಿಕ ಬಿಡುತ್ತದೆ. ಬಾಯಿಗೆ ವೈನ್ ಒಣ, ಅಂದ್ರೆ ಸಿಹಿಯಿಲ್ಲದ್ದು, ಅನ್ನಿಸುವುದು, ಮೂಗಿಗೆ ಹಿಟ್ಟು, ಬಾದಾಮಿ, ಕತ್ತರಿಸಿಟ್ಟ ಸೇಬಿನ ವಾಸನೆ ಬರುವುದು ಇದರಿಂದ. ತಿನ್ನುವ ಜೀವಕ್ಕೆ ಹೊಸ ಆಹಾರ ಬೇಕಲ್ವಾ? ಸೊಲೆರಾ ಪದ್ಧತಿಯಲ್ಲಿ ಎಳೆಯ ವೈನ್ ಮೇಲಿಂದ ಮೇಲೆ ಸೇರುತ್ತಾ ಇರುವುದರಿಂದ ಅದು ಸಿಗುತ್ತದೆ. ಇನ್ನು ಒಲೊರೊಸೊವನ್ನು 17 ಶೇಕಡಾಕ್ಕೆ ಏರಿಸುತ್ತಾರೆ. ಅಲ್ಲಿ ಫ್ಲೋರ್ ಬದುಕುವುದಿಲ್ಲ. ಗಾಳಿ ನೇರವಾಗಿ ತಾಗಿ ಬಣ್ಣ ಕಂದಾಗುತ್ತದೆ, ಅಕ್ರೋಟಿನ ವಾಸನೆ ಬರುತ್ತದೆ, ಗ್ಲಿಸರಾಲ್ ಉಳಿದುಕೊಂಡಿರುವುದರಿಂದ ಬಾಯಿಗೆ ತುಂಬಿದಂತೆ ಇರುತ್ತದೆ. ನೋಡಿ, ಒಂದೂವರೆ ಎರಡು ಶೇಕಡಾ ಮದ್ಯಸಾರದಿಂದ ಎರಡು ಬೇರೆ ವೈನ್ ಹುಟ್ಟಿದವು. ಇದನ್ನು ಹೀಗೆ ಒಂದು ಸಲ ಅರ್ಥ ಮಾಡಿಕೊಂಡರೆ ಅಮೊಂತಿಯಾದೊ ಅನ್ನುವ ಇನ್ನೊಂದು ಬಗೆಯ ಶೆರಿ ಏನು ಅಂತ ಬೇರೆ ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಮೊದಲು ಫ್ಲೋರ್ ಕೆಳಗೆ, ಆಮೇಲೆ ಗಾಳಿಗೆ.

ಪೋರ್ಟ್, ಮದೀರಾ, ಶಾಂಪೇನ್ ಎಲ್ಲವನ್ನೂ ಇದೇ ರೀತಿ ಬಿಡಿಸಿ. ಪೋರ್ಟ್‌ನಲ್ಲಿ ಹುದುಗುವಿಕೆಯನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ, ಹಾಗಾಗಿ ಬಣ್ಣ ಮತ್ತು ಒಗರು ಹೀರಿಕೊಳ್ಳಲು ಸಿಗುವ ಸಮಯ ಬಹಳ ಕಡಿಮೆ. ಕಾಲಲ್ಲಿ ತುಳಿಯುವ ಅಗಲ ತೊಟ್ಟಿಗಳು ಇಂದಿಗೂ ಯಾಕೆ ಉಳಿದಿವೆ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ನಮ್ಮವರಿಗೆ ಒಂದು ಅನುಕೂಲ ಇದೆ, ಅದನ್ನು ಬಳಸಿಕೊಳ್ಳಿ. ಬಳ್ಳಿಯ ವರ್ಷದ ಚಕ್ರ ಓದುವಾಗ ಪುಸ್ತಕದಲ್ಲಿ ಚಳಿಗಾಲ ಬರುತ್ತದೆ, ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ವಿಜಯಪುರದ ಕಡೆಯೋ ಚಿಕ್ಕಬಳ್ಳಾಪುರದ ಕಡೆಯೋ ದ್ರಾಕ್ಷಿ ತೋಟ ನೋಡಿದವರಿಗೆ ನಮ್ಮಲ್ಲಿ ಹಾಗೆ ಮಲಗುವುದಿಲ್ಲ ಅಂತ ಗೊತ್ತು. ಬಿಟ್ಟರೆ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಅದಕ್ಕೇ ಎರಡು ಸಲ ಚಾಟ್ನಿ, ಅಂದ್ರೆ ಬಳ್ಳಿ ಕತ್ತರಿಸುವ ಕೆಲಸ, ಮಾಡುತ್ತಾರೆ. ಬೇಸಿಗೆಯಲ್ಲಿ ಒಮ್ಮೆ ಕಡ್ಡಿ ಬಲಿಯಲಿ ಅಂತ, ಮಳೆ ಹಿಂದೆ ಸರಿಯುವ ಹೊತ್ತಿಗೆ ಇನ್ನೊಮ್ಮೆ ಹಣ್ಣಿಗೆ ಅಂತ. ಹೀಗೆ ಮಾಡಿದರೆ ಹಣ್ಣು ಮಾಗುವುದು ಮಳೆ ಇಲ್ಲದ ತಿಂಗಳಲ್ಲಿ, ಕೊಳೆರೋಗದ ಕಾಟ ಕಡಿಮೆ. ನಂದಿ ಬೆಟ್ಟದ ಸುತ್ತ ವೈನ್ ದ್ರಾಕ್ಷಿ ಬೆಳೆಯುವುದಕ್ಕೆ ಎತ್ತರವೂ ಒಂದು ಕಾರಣ. ಅಲ್ಲಿ ರಾತ್ರಿ ತಂಪು, ಹಣ್ಣಿನ ಹುಳಿ ಉಳಿಯುತ್ತದೆ. ಒಂದು ಶನಿವಾರ ಅಲ್ಲಿಗೆ ಹೋಗಿ ಬನ್ನಿ. ತಿನ್ನುವ ದ್ರಾಕ್ಷಿಯ ಚಪ್ಪರವನ್ನೂ ವೈನ್ ದ್ರಾಕ್ಷಿಯ ತಂತಿ ಸಾಲನ್ನೂ ಪಕ್ಕಪಕ್ಕದಲ್ಲಿ ನೋಡಿದರೆ, ಎಲೆಗಳಿಗೆ ಬಿಸಿಲು ಗಾಳಿ ಹೇಗೆ ಸಿಗುತ್ತದೆ ಅನ್ನುವ ಇಡೀ ಅಧ್ಯಾಯ ಕಣ್ಣ ಮುಂದೆಯೇ ಇರುತ್ತದೆ.

ನಾಲಿಗೆ ಪಳಗಿಸುವುದು

ವೈನ್ ಇಲ್ಲದ ಮನೆಯಲ್ಲಿ ಬೆಳೆದವರಿಗೆ ಟೇಸ್ಟಿಂಗ್ ಅಂದ್ರೆ ಭಯ. ಬ್ಲ್ಯಾಕ್‌ಕರಂಟ್ ಯಾವತ್ತೂ ತಿಂದಿಲ್ಲ, ಗೂಸ್‌ಬೆರಿ ನೋಡಿಲ್ಲ, ಹೇಗೆ ಗುರುತಿಸೋದು ಅಂತ. ಭಯ ಬೇಡ. ಅಂಕದ ದೊಡ್ಡ ಪಾಲು ಇರುವುದು ಅಳತೆಯಲ್ಲಿ: ಸಿಹಿ ಎಷ್ಟು, ಹುಳಿ ಎಷ್ಟು, ಒಗರು ಎಷ್ಟು, ಮದ್ಯಸಾರ ಎಷ್ಟು, ರುಚಿ ಎಷ್ಟು ಹೊತ್ತು ನಿಲ್ಲುತ್ತದೆ, ಒಟ್ಟು ಗುಣಮಟ್ಟ ಏನು, ಅದಕ್ಕೆ ಕಾರಣ ಏನು. ಇವು ನಮ್ಮ ನಾಲಿಗೆಗೆ ಹೊಸದಲ್ಲ. ನೇರಳೆ ಹಣ್ಣು ತಿಂದಾಗ ಒಸಡು ಹಿಡಿದುಕೊಳ್ಳುತ್ತದಲ್ಲ, ಅದೇ ಟ್ಯಾನಿನ್. ಲಿಂಬೆ ಚೀಪಿದಾಗ ಬಾಯಲ್ಲಿ ನೀರೂರುತ್ತದಲ್ಲ, ಅದೇ ಹುಳಿ. ಒಂದು ಬಾಯನ್ನು ಒಣಗಿಸುತ್ತದೆ, ಇನ್ನೊಂದು ನೀರೂರಿಸುತ್ತದೆ. ಇವೆರಡನ್ನು ಬೆರೆಸಿಕೊಳ್ಳುವವರೇ ಜಾಸ್ತಿ. ವೈನ್ ಸವಿದು ಉಗಿದ ಮೇಲೆ ಸುಮ್ನೆ ತಲೆ ಸ್ವಲ್ಪ ಮುಂದೆ ಬಾಗಿಸಿ ಕಾಯಿರಿ. ಎಷ್ಟು ಬೇಗ, ಎಷ್ಟು ನೀರೂರಿತು ಅನ್ನುವುದೇ ಹುಳಿಯ ಅಳತೆ.

ಮನೆಯಲ್ಲೇ ಅಭ್ಯಾಸ ಮಾಡಬಹುದು. ಒಂದು ಸಾದಾ ಬಿಳಿ ವೈನ್ ತನ್ನಿ, ನಾಸಿಕ್‌ನ ಶೆನಿನ್ ಬ್ಲಾಂಕ್ ತಳಿಯದ್ದಾದರೂ ಸಾಕು. ನಾಲ್ಕು ಗ್ಲಾಸಿಗೆ ಹಾಕಿ. ಒಂದನ್ನು ಹಾಗೇ ಬಿಡಿ, ಒಂದಕ್ಕೆ ಚಿಟಿಕೆ ಲಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಒಂದಕ್ಕೆ ಸಕ್ಕರೆ, ಒಂದಕ್ಕೆ ಒಂದು ಚಮಚ ವೋಡ್ಕಾ. ಯಾರಾದರೂ ಗ್ಲಾಸುಗಳನ್ನು ಅದಲುಬದಲು ಮಾಡಲಿ, ನೀವು ಗುರುತಿಸಿ. ಸಿಹಿ ಇದ್ದಾಗ ಹುಳಿ ಎಷ್ಟು ಅಡಗಿಕೊಳ್ಳುತ್ತದೆ ಅಂತ ಆಗ ಅರಿವಾಗುತ್ತದೆ, ಜರ್ಮನಿಯ ರೀಸ್ಲಿಂಗ್ ತಳಿಯ ಸಿಹಿ ವೈನ್ ಮುಂದೆ ಬಂದಾಗ ಅದೇ ಕೈ ಹಿಡಿಯುತ್ತದೆ. ಮದ್ಯಸಾರಕ್ಕೆ ಅಂಕಿಗಳನ್ನೇ ನೆನಪಿಡಿ: 11 ಶೇಕಡಾಕ್ಕಿಂತ ಕೆಳಗೆ ಕಡಿಮೆ, 11ರಿಂದ 13.9 ಮಧ್ಯಮ, 14 ಮತ್ತು ಮೇಲೆ ಜಾಸ್ತಿ. ಫೋರ್ಟಿಫೈಡ್ ವೈನಿಗೆ ಅಳತೆ ಬೇರೆ, ಅಲ್ಲಿ 16.4ರವರೆಗೂ ಕಡಿಮೆಯೇ. ಡಿ5ರಲ್ಲಿ ಇದನ್ನು ಮರೆತು ಅಂಕ ಕಳೆದುಕೊಳ್ಳಬೇಡಿ.

ವಾಸನೆಗೆ ಅಡುಗೆಮನೆಯೇ ಪಾಠಶಾಲೆ. ಲವಂಗ, ಕರಿಮೆಣಸು, ಕೊಬ್ಬರಿ, ಬೆಣ್ಣೆ, ಜೇನು, ದೊಣ್ಣೆಮೆಣಸಿನಕಾಯಿ ಕಣ್ಣು ಮುಚ್ಚಿ ಮೂಸಿ. ಪ್ರತಿಯೊಂದರ ಹಿಂದೆಯೂ ಕಾರಣ ಇದೆ: ಕೊಬ್ಬರಿ ವಾಸನೆ ಅಮೆರಿಕದ ಓಕ್ ಪೀಪಾಯಿಯ ಸುಳಿವು, ಬೆಣ್ಣೆ ಮ್ಯಾಲೊಲ್ಯಾಕ್ಟಿಕ್ ಬದಲಾವಣೆಯದ್ದು (ಬ್ಯಾಕ್ಟೀರಿಯಾ ಚುರುಕು ಹುಳಿಯನ್ನು ಮೆದು ಮಾಡುವುದು), ಹಸಿ ದೊಣ್ಣೆಮೆಣಸಿನಕಾಯಿ ಕ್ಯಾಬರ್ನೆ ಕುಟುಂಬದ ದ್ರಾಕ್ಷಿಯದ್ದು. ಇಲ್ಲಿ ಸಿಗದ ಹಣ್ಣುಗಳನ್ನು ದೊಡ್ಡ ಅಂಗಡಿಗಳಲ್ಲಿ ಫ್ರೀಜರ್‌ನಲ್ಲಿ ಹುಡುಕಿ, ಜ್ಯಾಮ್ ಆದರೂ ಆದೀತು. ಪರೀಕ್ಷೆಯಲ್ಲಿ ಮಾತ್ರ ಸಂಸ್ಥೆಯ ಪಟ್ಟಿಯ ಪದಗಳನ್ನೇ ಬರೆಯಿರಿ. ನಿಮಗೆ ಹಲಸಿನ ಹಣ್ಣು ಅನ್ನಿಸಿದರೆ ಸುಳ್ಳಲ್ಲ, ಆದರೆ ತಿದ್ದುವವರ ಕೈಯಲ್ಲಿರುವ ಪಟ್ಟಿಯಲ್ಲಿ ಅದು ಇರುವುದಿಲ್ಲ.

ಡಿ3ರ ಟೇಸ್ಟಿಂಗ್‌ನಲ್ಲಿ ಎರಡು ಪತ್ರಿಕೆ, ಒಂದೊಂದರಲ್ಲಿ 12 ವೈನ್, 90 ನಿಮಿಷ. ಅಂದ್ರೆ ಒಂದು ವೈನಿಗೆ ಏಳೂವರೆ ನಿಮಿಷ, ಬರೆಯುವುದೂ ಸೇರಿ. ವೈನ್‌ಗಳು ಮೂರು ಮೂರರ ಗುಂಪಾಗಿ ಬರುತ್ತವೆ. ಒಂದು ಗುಂಪು ಒಂದೇ ತಳಿಯದ್ದಾಗಿದ್ದರೆ ಮೂರನ್ನೂ ಮೂಸಿದ ಮೇಲೆಯೇ ಬರೆಯಲು ಕೂರಿ. ಒಂದರಲ್ಲಿ ಮದ್ಯಸಾರ ತೀರಾ ಕಡಿಮೆ, ಸ್ವಲ್ಪ ಸಿಹಿ, ಹುಳಿ ಚುರುಕು. ಇನ್ನೊಂದರಲ್ಲಿ ಸಿಹಿ ಇಲ್ಲ, ಮೈ ತುಂಬಿಕೊಂಡಿದೆ, ಪೀಚ್ ವಾಸನೆ. ಮೂರನೆಯದು ಒಣ, ಲಿಂಬೆಯ ವಾಸನೆ, ಜೊತೆಗೆ ಪೆಟ್ರೋಲ್. ಮೂರೂ ರೀಸ್ಲಿಂಗ್, ಮೊಸೆಲ್, ಅಲ್ಸಾಸ್, ಆಸ್ಟ್ರೇಲಿಯಾದ ಕ್ಲೇರ್ ವ್ಯಾಲಿ ಅಂತ ಅಲ್ಲಿಂದ ಬಿಡಿಸಬಹುದು. ಒಂದು ವೇಳೆ ಹೆಸರು ತಪ್ಪಿದರೂ ಕೈಚೆಲ್ಲಬೇಡಿ. ಬಣ್ಣ, ವಾಸನೆ, ಅಳತೆ, ಗುಣಮಟ್ಟದ ವಾದ ಸರಿ ಇದ್ದರೆ ಆ ಅಂಕ ನಿಮ್ಮದೇ. ಗುಣಮಟ್ಟದ ಬಗ್ಗೆ 'ಚೆನ್ನಾಗಿದೆ' ಅಂತ ಬರೆದು ಬಿಡಬೇಡಿ. ಸಮತೋಲ, ರುಚಿ ನಿಲ್ಲುವ ಹೊತ್ತು, ತೀವ್ರತೆ, ಪದರಗಳು, ಈ ನಾಲ್ಕರ ಮೇಲೆ ವಾದ ಕಟ್ಟಿ.

ದುಡ್ಡು, ಗುಂಪು, ಮನೆ

ಆಮದು ಸುಂಕದಿಂದಾಗಿ ಇಲ್ಲಿ ಹೊರಗಿನ ಬಾಟಲಿ ದುಬಾರಿ. ಒಬ್ಬರೇ ಕೊಂಡು ಓದುವುದು ಆಗದ ಮಾತು. ಐದಾರು ಜನ ಸೇರಿ ಗುಂಪು ಕಟ್ಟಿ. 750 ಮಿಲಿ ಬಾಟಲಿಯಿಂದ 50 ಮಿಲಿಯ 15 ಪಾಲು ಬರುತ್ತವೆ. ಬಾಟಲಿ ತೆರೆದ ಕೂಡಲೇ ಪುಟ್ಟ ಗಾಜಿನ ಶೀಶೆಗಳಿಗೆ ಕಂಠದವರೆಗೆ ತುಂಬಿ, ಮುಚ್ಚಿ, ಫ್ರಿಜ್‌ನಲ್ಲಿಡಿ. ಗಾಳಿಗೆ ಜಾಗ ಇರಬಾರದು. ಕೆಲವು ದಿನ ಅಭ್ಯಾಸಕ್ಕೆ ತೊಂದರೆ ಇಲ್ಲ. ದುಬೈ, ಸಿಂಗಾಪುರ, ಲಂಡನ್‌ನಲ್ಲಿರುವ ನಮ್ಮವರಿಗೆ ಈ ಕಷ್ಟ ಕಡಿಮೆ, ಊರಿಗೆ ಬರುವಾಗ ಗೆಳೆಯರಿಗೆ ಒಂದೆರಡು ಬಾಟಲಿ ತಂದರೆ ಪುಣ್ಯ ಬರುತ್ತದೆ.

ಮನೆಯಲ್ಲಿ ಹೇಳಿಯೇ ಓದಿ. ಮೇಜಿನ ಮೇಲೆ ಆರು ಗ್ಲಾಸು ಕಂಡರೆ ಅಪ್ಪ ಅಮ್ಮನಿಗೆ ಗಾಬರಿ ಆಗುವುದು ಸಹಜ. ಸಿಲೆಬಸ್ ತೋರಿಸಿ, ಉಗಿಯುವ ಪಾತ್ರೆ ತೋರಿಸಿ, ಇದು ಕೆಲಸಕ್ಕೆ ಬೇಕಾದ ಓದು ಅಂತ ಬಿಡಿಸಿ ಹೇಳಿ. 2016ರಲ್ಲಿ ಸೋನಲ್ ಹಾಲೆಂಡ್ ಭಾರತದ ಮೊದಲ ಮಾಸ್ಟರ್ ಆಫ್ ವೈನ್ (ವೈನ್ ಓದಿನ ಅತಿ ದೊಡ್ಡ ಪದವಿಗಳಲ್ಲೊಂದು) ಆದರು, ಈ ದಾರಿಯಲ್ಲಿ ಬದುಕು ಕಟ್ಟಿಕೊಂಡವರು ನಮ್ಮ ದೇಶದಲ್ಲೇ ಇದ್ದಾರೆ ಅಂತಲೂ ಹೇಳಿ. ಮತ್ತೆ, ಉಗಿಯಲೇಬೇಕು. 12 ವೈನ್ ನುಂಗಿದವರಿಗೆ ಹನ್ನೆರಡನೆಯದರ ಅಳತೆ ಸಿಗುವುದಿಲ್ಲ. ಅಭ್ಯಾಸ ಮುಗಿಸಿ ಗಾಡಿ ಓಡಿಸುವುದಂತೂ ಬೇಡವೇ ಬೇಡ.

ಬರೆಯುವ ಅಭ್ಯಾಸ

ಇದನ್ನು ಎಲ್ಲರೂ ಕೊನೆಗೆ ತಳ್ಳುತ್ತಾರೆ, ಮೊದಲ ತಿಂಗಳಿಂದಲೇ ಇರಬೇಕು. ವಾರಕ್ಕೊಂದು ಹಳೆಯ ಪ್ರಶ್ನೆ ತೆಗೆದುಕೊಂಡು ಗಡಿಯಾರ ಇಟ್ಟು ಬರೆಯಿರಿ. ಪ್ರಶ್ನೆಯ ಕ್ರಿಯಾಪದಕ್ಕೆ ಗೆರೆ ಹಾಕಿ. 'ವಿವರಿಸಿ' ಬೇರೆ, 'ಹೋಲಿಸಿ' ಬೇರೆ, 'ಕಾರಣ ಕೊಡಿ' ಬೇರೆ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷಿನ ಬಗ್ಗೆ ಅಳುಕುವುದು ಬೇಡ. ಇಲ್ಲಿ ಅಲಂಕಾರಕ್ಕೆ ಅಂಕ ಇಲ್ಲ. ಚಿಕ್ಕ ವಾಕ್ಯ, ಒಂದು ವಾಕ್ಯಕ್ಕೆ ಒಂದು ಕಾರಣ, ಅದರ ಪರಿಣಾಮ. ಇಷ್ಟೇ ಸಾಕು. ಬರೆದದ್ದನ್ನು ಗುಂಪಿನ ಇನ್ನೊಬ್ಬರು ತಿದ್ದಲಿ, ಎಲ್ಲಿ 'ಯಾಕೆ' ಬಿಟ್ಟುಹೋಗಿದೆ ಅಂತ ಅವರ ಕಣ್ಣಿಗೆ ಬೇಗ ಬೀಳುತ್ತದೆ. ಡಿ3 ಥಿಯರಿ ಮೂರು ಗಂಟೆ ಇಪ್ಪತ್ತು ನಿಮಿಷದ್ದು, ಒಮ್ಮೆಯಾದರೂ ಅಷ್ಟು ಹೊತ್ತು ಕೂತು ಬರೆದು ನೋಡಿ.

ಡಿ6 ಬರಹಕ್ಕೆ 3,000 ಪದ. ವಿಷಯ ಕಿರಿದಾದಷ್ಟೂ ಒಳ್ಳೆಯದು, ಬೆಳೆಗಾರರನ್ನೋ ಆಮದು ಮಾಡುವವರನ್ನೋ ನೀವೇ ಮಾತಾಡಿಸಿ ಬರೆದರೆ ಅದಕ್ಕೊಂದು ತೂಕ ಬರುತ್ತದೆ. ಆದರೆ ಮಾತು ಕೊಟ್ಟವರು ಫೋನ್ ಎತ್ತುವುದು ತಡವಾಗುತ್ತದೆ, ಹಾಗಾಗಿ ಬೇಗ ಶುರು ಮಾಡಿ.

ಟೇಸ್ಟಿಂಗ್ ಪರೀಕ್ಷೆಯ ಬೆಳಿಗ್ಗೆ ಫಿಲ್ಟರ್ ಕಾಫಿ, ಖಾರದ ತಿಂಡಿ, ಸೆಂಟು ಬೇಡ. ಇಡ್ಲಿ ತಿನ್ನಿ, ಚಟ್ನಿ ಬಿಡಿ. ಹಲ್ಲುಜ್ಜುವುದು ಮೊದಲೇ ಮುಗಿದಿರಲಿ, ಪೇಸ್ಟಿನ ರುಚಿ ತುಂಬಾ ಹೊತ್ತು ನಿಲ್ಲುತ್ತದೆ. ಗ್ಲಾಸು ಮುಂದೆ ಬಂದ ಕೂಡಲೇ ಬಿಳಿಯದರಲ್ಲೊಂದು, ಕೆಂಪಿನಲ್ಲೊಂದು ಮೂಸಿ ಮೂಗನ್ನು ಆ ಕೋಣೆಗೆ ಹೊಂದಿಸಿಕೊಳ್ಳಿ, ಆಮೇಲೆ ಪೆನ್ ಹಿಡಿಯಿರಿ. ಫಲಿತಾಂಶ ಬರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಕಾದು ಕೂರದೆ ಮುಂದಿನ ಯೂನಿಟ್‌ನ ಪುಸ್ತಕ ತೆಗೆಯಿರಿ.